ಸೀಕ್ವೆನ್ಷಿಯಲ್ ಎಲ್‌ಪಿಜಿ ಕಿಟ್: ದೀರ್ಘ ಬಳಕೆಯ ನಂತರ, ಮಿಶ್ರಣದ ತೊಂದರೆಗಳನ್ನು ಹುಡುಕುವ ಬಗೆ

ನಾಲ್ಕು ಸಿಲಿಂಡರ್‌ಗಳ ಪೆಟ್ರೋಲ್ ಕಾರಿಗೆ ಸೀಕ್ವೆನ್ಷಿಯಲ್ ಇಂಜೆಕ್ಷನ್ ಮಾದರಿಯ (ಪ್ರತಿ ಸಿಲಿಂಡರ್‌ಗೂ ಸರದಿಯಂತೆ ಅದರದೇ ಇಂಜೆಕ್ಟರ್‌ನಿಂದ ಗ್ಯಾಸ್ ಕೊಡುವ) ಎಲ್‌ಪಿಜಿ ಕಿಟ್ ಹಾಕಿಸಿ ಹಲವು ವರ್ಷಗಳಾದವು. ಕಿಟ್ ಒಳ್ಳೆಯದು, ಮುಂದಿನ ಕಾರಿಗೂ ಇಂಥದ್ದನ್ನೇ ಹಾಕಿಸುತ್ತೇನೆ. ಆದರೆ ಈ ವಿಮರ್ಶೆಯನ್ನು ಮೈಲೇಜ್, ಪಿಕಪ್ ಎಂದು ಹಂಚಿ ಬರೆಯುವುದಿಲ್ಲ. ಗ್ಯಾಸ್ ಕಾರಿನಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸಂಬಂಧಿಸಿದವು. ಅವುಗಳಿಗೆ ಎಲ್ಲರೂ ಮೊದಲು ಮಾಡುವ ಚಿಕಿತ್ಸೆ ಟ್ಯೂನಿಂಗ್ ಬದಲಿಸುವುದು. ನನ್ನ ಅನುಭವದಲ್ಲಿ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ.

ಕಿಟ್ ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ರೋಗ ಪತ್ತೆಯೆಲ್ಲ ಅದರ ಮೇಲೆಯೇ ನಿಂತಿದೆ. ಟ್ಯಾಂಕಿನಿಂದ ದ್ರವರೂಪದಲ್ಲಿ ಬರುವ ಗ್ಯಾಸ್ ರೆಡ್ಯೂಸರ್‌ನಲ್ಲಿ ಎಂಜಿನ್ನಿನ ಕೂಲೆಂಟ್ ಬಿಸಿಯಿಂದ ಆವಿಯಾಗುತ್ತದೆ, ಅದರ ಒತ್ತಡ ಇಳಿಯುತ್ತದೆ, ಫಿಲ್ಟರ್ ದಾಟಿ ಗ್ಯಾಸ್ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಎಷ್ಟು ಹೊತ್ತು ಇಂಜೆಕ್ಟರ್ ತೆರೆದಿರಬೇಕು ಎಂಬ ಲೆಕ್ಕವನ್ನು ಗ್ಯಾಸ್ ಇಸಿಯು (ಇಂಧನ ಪೂರೈಕೆಯನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ತಾನಾಗಿ ಹಾಕುವುದಿಲ್ಲ. ಕಾರಿನ ಮೂಲ ಪೆಟ್ರೋಲ್ ಇಸಿಯು ಪೆಟ್ರೋಲ್ ಇಂಜೆಕ್ಟರ್‌ಗೆ ಕೊಡುವ ಸಮಯವನ್ನು ಹಿಡಿದು, ಮ್ಯಾಪ್ ಎಂಬ ಟ್ಯೂನಿಂಗ್ ಕೋಷ್ಟಕದಲ್ಲಿರುವ ಗುಣಕದಿಂದ ಗುಣಿಸಿ, ಗ್ಯಾಸಿನ ಒತ್ತಡ ಮತ್ತು ತಾಪಮಾನಕ್ಕೆ ತಕ್ಕಂತೆ ತಿದ್ದಿ ಮುಂದಕ್ಕೆ ಕಳಿಸುತ್ತದೆ. ಅಂದರೆ ಗ್ಯಾಸಿನಲ್ಲಿ ಓಡುವಾಗಲೂ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿ ತೀರ್ಮಾನ ಮಾಡುವುದು ಪೆಟ್ರೋಲ್ ಇಸಿಯುವೇ. ಗ್ಯಾಸ್ ಕಡಿಮೆಯಾದರೆ ಸೆನ್ಸರ್ ಲೀನ್ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ) ಎನ್ನುತ್ತದೆ, ಪೆಟ್ರೋಲ್ ಇಸಿಯು ಇನ್ನಷ್ಟು ಕೇಳುತ್ತದೆ. ಹೀಗೆ ಕೇಳಿದ ಹೆಚ್ಚುವರಿಯೇ ಫ್ಯೂಯಲ್ ಟ್ರಿಮ್. ಕಿಟ್ ಎಷ್ಟು ಚೆನ್ನಾಗಿ ಕೂತಿದೆ ಎಂದು ತಿಳಿಯಲು ನಾನು ನಂಬುವ ಅಳತೆ ಇದೊಂದೇ.

ಇದನ್ನು ಓದಲು ದುಬಾರಿ ಉಪಕರಣ ಬೇಡ. ಕಾರಿನ ದೋಷಗಳನ್ನು ಓದಲು ಇರುವ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಸಾಧಾರಣ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಸಾಕು. ಶಾರ್ಟ್ ಟರ್ಮ್ ಟ್ರಿಮ್ ಆ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಟ್ರಿಮ್ ಇಸಿಯು ಕಲಿತು ಇಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ನೋಡಬೇಕು. ಮೊತ್ತ ಧನಾತ್ಮಕವಾಗಿದ್ದರೆ ಮಿಶ್ರಣ ಲೀನ್ ಕಡೆಗಿದೆ, ಋಣಾತ್ಮಕವಾಗಿದ್ದರೆ ರಿಚ್ (ಇಂಧನ ಹೆಚ್ಚು) ಕಡೆಗಿದೆ. ಶೇ 10ರ ಒಳಗಿದ್ದರೆ ಕಾರು ಸಹಿಸಿಕೊಳ್ಳುತ್ತದೆ. ನನಗೆ ಸಮಾಧಾನವಾಗುವುದು ಶೇ 5ರ ಒಳಗೆ ಬಂದಾಗ. ಮಿತಿ ಮೀರಿದಾಗ ಚೆಕ್ ಎಂಜಿನ್ ದೀಪ ಹೊತ್ತಿ, ಲೀನ್ ಆಗಿದ್ದರೆ ಪಿ0171, ರಿಚ್ ಆಗಿದ್ದರೆ ಪಿ0172 ಕೋಡ್ ಬರುತ್ತದೆ.

ಇಲ್ಲಿಂದ ಮುಂದಿನ ಒಂದು ಹೆಜ್ಜೆಯನ್ನು ಯಾರೂ ಬಿಡಬಾರದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೊದಲು ಪೆಟ್ರೋಲ್‌ನಲ್ಲಿ ಐಡ್ಲಿಂಗ್ ಮತ್ತು ಸುಮಾರು 2,500 ಆರ್‌ಪಿಎಂನಲ್ಲಿ ಟ್ರಿಮ್ ನೋಡಿ. ಆಮೇಲೆ ಅದೇ ಸ್ಥಿತಿಯಲ್ಲಿ ಗ್ಯಾಸಿಗೆ ಬದಲಿಸಿ ನೋಡಿ. ಪೆಟ್ರೋಲ್‌ನಲ್ಲೂ ಲೀನ್ ಇದ್ದರೆ ತಪ್ಪು ಗ್ಯಾಸ್ ಟ್ಯೂನಿಂಗ್‌ನದಲ್ಲ. ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ಗೆ ಎಲ್ಲೋ ಅಳತೆಗೆ ಸಿಗದ ಗಾಳಿ ನುಗ್ಗುತ್ತಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಅಥವಾ ಆಕ್ಸಿಜನ್ ಸೆನ್ಸರ್‌ಗೆ ಮುಂಚೆ ಸೈಲೆನ್ಸರ್ ಪೈಪಿನ ಜೋಡಣೆ ಬಿರುಕು ಬಿಟ್ಟು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು. ಇದನ್ನೆಲ್ಲ ಬಿಟ್ಟು ಗ್ಯಾಸ್ ಮ್ಯಾಪ್ ಏರಿಸುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಪೆಟ್ರೋಲ್ ಸರಿಯಾಗುವ ತನಕ ಗ್ಯಾಸ್ ಕಡೆಗೆ ಕೈ ಹಾಕಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ.

ಇನ್ನೊಂದು ವಿಷಯವನ್ನು ಇದರ ಜೊತೆಗೇ ಹೇಳಿಬಿಡುತ್ತೇನೆ. ಬಹಳ ಕಾರುಗಳಲ್ಲಿ ಲಾಂಗ್ ಟರ್ಮ್ ಟ್ರಿಮ್ ಎರಡೂ ಇಂಧನಗಳಿಗೆ ಒಂದೇ. ಗ್ಯಾಸಿನಲ್ಲಿ ಲೀನ್ ಆಗಿ ಓಡಿ ಓಡಿ ಇಸಿಯು ಹೆಚ್ಚು ಕೊಡುವುದನ್ನು ಕಲಿತಿರುತ್ತದೆ. ಮರುದಿನ ಬೆಳಗ್ಗೆ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿದಾಗ ಅದೇ ಪಾಠದಿಂದ ಅತಿಯಾಗಿ ಸುರಿಯುತ್ತದೆ. ಪೆಟ್ರೋಲ್ ವಾಸನೆ, ತಡವರಿಸುವ ಸ್ಟಾರ್ಟ್, ಏರಿಳಿಯುವ ಐಡ್ಲಿಂಗ್ ಕಂಡು ಪೆಟ್ರೋಲ್ ಇಂಜೆಕ್ಟರ್ ಬದಲಿಸಿದವರನ್ನು ನಾನು ಬಲ್ಲೆ. ರೋಗ ಇದ್ದದ್ದು ಗ್ಯಾಸ್ ಕಡೆ.

ಈಗ ಗ್ಯಾಸಿನಲ್ಲಿ ಮಾತ್ರ ಲೀನ್ ಎಂದಾದರೆ, ಯಾವಾಗ ಲೀನ್ ಎಂಬುದೇ ಅರ್ಧ ಉತ್ತರ. ಐಡ್ಲಿಂಗ್‌ನಲ್ಲಿ ಸರಿ ಇದ್ದು ಏರು ರಸ್ತೆಯಲ್ಲಿ, ಓವರ್‌ಟೇಕ್ ಮಾಡುವಾಗ ಟ್ರಿಮ್ ಏರುತ್ತಾ ಹೋದರೆ ಗ್ಯಾಸ್ ಸಾಕಷ್ಟು ಬರುತ್ತಿಲ್ಲ. ಮೊದಲ ಸಂಶಯ ಫಿಲ್ಟರ್‌ಗಳ ಮೇಲೆ: ದ್ರವದ ಕಡೆ ಸೊಲೆನಾಯ್ಡ್‌ನಲ್ಲಿ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಒಂದು, ಆವಿಯ ಕಡೆ ರೆಡ್ಯೂಸರ್ ಮತ್ತು ಇಂಜೆಕ್ಟರ್ ನಡುವೆ ಒಂದು. ಇವು ಕಟ್ಟಿಕೊಂಡಾಗ ಗ್ಯಾಸ್ ಬೇಡಿಕೆ ಏರಿದೊಡನೆ ಒತ್ತಡ ಕುಸಿಯುತ್ತದೆ, ಕೆಲವೊಮ್ಮೆ ಕಾರು ತಾನಾಗಿ ಪೆಟ್ರೋಲ್‌ಗೆ ಮರಳುತ್ತದೆ. ನನ್ನ ಕಾರಿನಲ್ಲಿ ಹೀಗೆ ಆದಾಗಲೆಲ್ಲ ಫಿಲ್ಟರ್ ಬದಲಿಸಿದ ಕೂಡಲೇ ಟ್ರಿಮ್ ಕೆಳಗಿಳಿದಿದೆ. ಫಿಲ್ಟರ್ ಹೊಸದಾಗಿದ್ದರೂ ಒತ್ತಡ ಕುಸಿದರೆ ರೆಡ್ಯೂಸರ್‌ನ ಡಯಾಫ್ರಾಮ್ (ಒತ್ತಡ ನಿಯಂತ್ರಿಸುವ ರಬ್ಬರ್ ಪೊರೆ) ಗಟ್ಟಿಯಾಗಿದೆಯೇ ನೋಡಬೇಕು. ಎಲ್‌ಪಿಜಿಯಲ್ಲಿ ಉಳಿಯುವ ಎಣ್ಣೆಯಂಥ ಜಿಡ್ಡು ಅದರೊಳಗೆ ಸೇರುತ್ತದೆ. ಡ್ರೈನ್ ಪ್ಲಗ್ ಇರುವ ರೆಡ್ಯೂಸರ್‌ಗಳಲ್ಲಿ ಅದನ್ನು ಆಗಾಗ ಹೊರಬಿಡಬೇಕು.

ರೆಡ್ಯೂಸರ್ ತಣ್ಣಗಾದರೂ ಮಿಶ್ರಣ ಕೆಡುತ್ತದೆ. ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುತ್ತದೆ, ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲಿ; ಆವಿಯಾಗುವಾಗ ಎರಡೂ ಬಿಸಿಯನ್ನು ಜೋರಾಗಿ ಹೀರುತ್ತವೆ. ಕೂಲೆಂಟ್ ಮಟ್ಟ ಸ್ವಲ್ಪ ಇಳಿದರೂ ಎತ್ತರದಲ್ಲಿ ಕೂತ ರೆಡ್ಯೂಸರ್‌ನಲ್ಲಿ ಗಾಳಿ ಸಿಕ್ಕಿಕೊಂಡು ಬಿಸಿನೀರಿನ ಹರಿವು ನಿಲ್ಲುತ್ತದೆ. ಎಂಜಿನ್ ಬಿಸಿಯಿದ್ದೂ ರೆಡ್ಯೂಸರ್ ಮೇಲೆ ಹಿಮದ ಪೊರೆ ಕಂಡರೆ ಗ್ಯಾಸಿನ ವಿಚಾರ ಬದಿಗಿಟ್ಟು ಮೊದಲು ಕೂಲೆಂಟ್ ನೋಡಿ. ಆವಿಯಾಗದ ಗ್ಯಾಸ್ ಮುಂದಕ್ಕೆ ಹೋದರೆ ಮಿಶ್ರಣ ಒಮ್ಮೆಲೇ ರಿಚ್ ಆಗಿ ಎಂಜಿನ್ ಉಸಿರುಗಟ್ಟುತ್ತದೆ. ಕೂಲೆಂಟ್ ಕಡಿಮೆಯಾದದ್ದು ಬಿಸಿಯ ಮುಳ್ಳಿಗಿಂತ ಮೊದಲು ರೆಡ್ಯೂಸರ್ ತಾಪಮಾನದಲ್ಲಿ ತಿಳಿಯುವುದರಿಂದ ನಾನು ಆ ಅಂಕಿಯ ಮೇಲೆ ಸದಾ ಕಣ್ಣಿಟ್ಟಿರುತ್ತೇನೆ.

ಐಡ್ಲಿಂಗ್‌ನಲ್ಲಿ ಲೀನ್ ಇದ್ದು ವೇಗ ಏರಿದಂತೆ ಸರಿಯಾದರೆ ಗಾಳಿ ಸೋರಿಕೆಯ ಸಂಶಯ; ಇದು ಪೆಟ್ರೋಲ್‌ನಲ್ಲೂ ಕಾಣಿಸಬಹುದು. ಗ್ಯಾಸ್ ಕಿಟ್ ಹಾಕುವಾಗ ಮ್ಯಾನಿಫೋಲ್ಡ್‌ಗೆ ರಂಧ್ರ ಕೊರೆದು ಕೂರಿಸಿದ ನಳಿಗೆಗಳು, ಅವುಗಳ ರಬ್ಬರ್ ಪೈಪುಗಳು, ರೆಡ್ಯೂಸರ್‌ಗೂ ಮ್ಯಾಪ್ ಸೆನ್ಸರ್‌ಗೂ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್; ಟ್ಯೂನಿಂಗ್ ಮ್ಯಾಪ್ ಅಲ್ಲ) ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಇವನ್ನು ಒಂದೊಂದಾಗಿ ಬೆರಳಿನಿಂದ ಬಗ್ಗಿಸಿ ನೋಡಿ. ಆ ಸಣ್ಣ ಪೈಪ್ ಬಿರುಕು ಬಿಟ್ಟರೆ ಗಾಳಿಯೂ ಒಳಬರುತ್ತದೆ, ರೆಡ್ಯೂಸರ್ ಒತ್ತಡದ ಹೊಂದಾಣಿಕೆಯೂ ತಪ್ಪುತ್ತದೆ.

ಇಷ್ಟಾದರೂ ಸಿಗದಿದ್ದರೆ ಸ್ಪಾರ್ಕ್ ಕಡೆ ತಿರುಗಿ. ನನ್ನ ಮಟ್ಟಿಗೆ ಈ ಕಿಟ್‌ನೊಂದಿಗಿನ ಒಡನಾಟದಲ್ಲಿ ಅತಿ ದೊಡ್ಡ ತಿಳಿವಳಿಕೆ ಇದೇ. ಎಲ್‌ಪಿಜಿ ಮಿಶ್ರಣವನ್ನು ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚಿನ ವೋಲ್ಟೇಜ್ ಬೇಕು. ಪೆಟ್ರೋಲ್‌ನಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಹಳೆಯ ಪ್ಲಗ್, ದುರ್ಬಲ ಕಾಯಿಲ್, ಸವೆದ ಪ್ಲಗ್ ವೈರ್ ಗ್ಯಾಸಿನಲ್ಲಿ ಕೈಕೊಡುತ್ತವೆ. ಆಗ ಒಂದು ಸಿಲಿಂಡರ್‌ನಲ್ಲಿ ಗ್ಯಾಸ್ ಉರಿಯದೆ, ಅದರ ಜೊತೆಗಿದ್ದ ಆಮ್ಲಜನಕವೂ ಹಾಗೆಯೇ ಹೊರಬೀಳುತ್ತದೆ. ಆಕ್ಸಿಜನ್ ಸೆನ್ಸರ್ ಉರಿಯದ ಇಂಧನವನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಅಳೆಯುತ್ತದೆ. ಹಾಗಾಗಿ ಅದು ಲೀನ್ ಎಂದು ವರದಿ ಮಾಡುತ್ತದೆ, ಇಸಿಯು ಇಂಧನ ಏರಿಸುತ್ತದೆ, ಟ್ಯೂನಿಂಗ್ ಮಾಡುವವರು ಮ್ಯಾಪ್ ಏರಿಸುತ್ತಾರೆ, ಮೈಲೇಜ್ ಬೀಳುತ್ತದೆ, ಉರಿಯದ ಗ್ಯಾಸ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನು ಸುಡುತ್ತದೆ. ತೊಂದರೆ ಇದ್ದದ್ದು ಪ್ಲಗ್‌ನಲ್ಲಿ. ಲೀನ್ ಕೋಡ್ ಜೊತೆಗೆ ಪಿ0300 ಸಾಲಿನ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಹೊತ್ತದ) ಕೋಡ್ ಇದ್ದರೆ ಮೊದಲು ಪ್ಲಗ್ ಬದಲಿಸಿ. ಪ್ಲಗ್‌ನ ಕಿಡಿ ಹಾರುವ ಗ್ಯಾಪ್ ಅನ್ನು ಪೆಟ್ರೋಲ್‌ಗೆ ಹೇಳಿದ್ದಕ್ಕಿಂತ ತುಸು ಕಡಿಮೆ, 0.7ರಿಂದ 0.8 ಮಿಲಿಮೀಟರ್ ಇಟ್ಟಾಗ ನನ್ನ ಎಂಜಿನ್ ಹೆಚ್ಚು ನೆಮ್ಮದಿಯಿಂದ ಓಡಿದೆ. ಪ್ಲಗ್‌ನ ಬಣ್ಣ ನೋಡಿ ಮಿಶ್ರಣ ಹೇಳುವ ಹಳೆಯ ರೂಢಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಎಲ್‌ಪಿಜಿ ಸ್ವಚ್ಛವಾಗಿ ಉರಿಯುವುದರಿಂದ ಪೆಟ್ರೋಲ್‌ನಂತೆ ಮಸಿ ಬಿಡುವುದಿಲ್ಲ.

ಒಂದೇ ಸಿಲಿಂಡರ್‌ನ ತೊಂದರೆಯನ್ನು ಟ್ರಿಮ್ ಮರೆಮಾಚಬಲ್ಲದು. ಒಂದು ಗ್ಯಾಸ್ ಇಂಜೆಕ್ಟರ್ ಜಿಡ್ಡು ಹಿಡಿದು ಕಡಿಮೆ ಕೊಟ್ಟರೆ ಇಸಿಯು ಸರಾಸರಿ ಹಿಡಿದು ನಾಲ್ಕಕ್ಕೂ ಹೆಚ್ಚು ಕೊಡುತ್ತದೆ, ಉಳಿದ ಮೂರು ರಿಚ್ ಆಗುತ್ತವೆ. ಅಂಕಿ ಸಾಧಾರಣವಾಗಿ ಕಂಡರೂ ಕಾರು ನಡುಗುತ್ತದೆ. ಈ ಕಿಟ್‌ನ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಸಿಲಿಂಡರ್ ಅನ್ನು ಮಾತ್ರ ಪೆಟ್ರೋಲ್‌ಗೆ ಬದಲಿಸುವ ಸೌಲಭ್ಯವಿದೆ. ಅದಕ್ಕಾಗಿಯೇ ನಾನು ಇದನ್ನು ಮೆಚ್ಚುತ್ತೇನೆ. ಯಾವ ಸಿಲಿಂಡರ್ ಬದಲಿಸಿದಾಗ ನಡುಕ ನಿಲ್ಲುತ್ತದೆಯೋ ಆ ಸಿಲಿಂಡರ್‌ನ ಪ್ಲಗ್ ಮತ್ತು ಇಂಜೆಕ್ಟರ್ ಕಡೆ ನೋಡಿ. ಇಂಜೆಕ್ಟರ್ ಅನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿದಾಗ ಮಿಸ್ಸಿಂಗ್ ಕೂಡ ಅದರ ಜೊತೆ ಹೋದರೆ ಅನುಮಾನ ಉಳಿಯುವುದಿಲ್ಲ.

ಇವೆಲ್ಲ ಸರಿಯಿದ್ದ ಮೇಲೆ ಮ್ಯಾಪ್. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಇಂಜೆಕ್ಷನ್ ಸಮಯ 3 ಮಿಲಿಸೆಕೆಂಡ್ ಇದ್ದದ್ದು ಗ್ಯಾಸಿಗೆ ಬದಲಾದ ಮೇಲೆ 3.6ಕ್ಕೆ ಏರಿ ನಿಂತರೆ ಆ ಜಾಗದಲ್ಲಿ ಗ್ಯಾಸ್ ಕಡಿಮೆ, ಪೆಟ್ರೋಲ್ ಇಸಿಯು ಶೇ 20ರಷ್ಟು ಹೆಚ್ಚು ಕೇಳುತ್ತಿದೆ. ಗುಣಕ ಏರಿಸಿ ಸಮಯ ಮತ್ತೆ 3ರ ಹತ್ತಿರ ಬರುವಂತೆ ಮಾಡಬೇಕು. ಹೀಗೆ ಬೇರೆ ಬೇರೆ ಲೋಡ್‌ನಲ್ಲಿ ಮಾಡುತ್ತಾ ಹೋಗಬೇಕು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಸಿಯು ಸೆನ್ಸರ್ ಮಾತನ್ನು ಕೇಳದೆ ಓಡುವುದರಿಂದ ಅಲ್ಲಿನ ತಪ್ಪು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಅಲ್ಲಿ ಲೀನ್ ಆಗಿ ಓಡಿಸುವುದು ಎಕ್ಸಾಸ್ಟ್ ವಾಲ್ವ್ ಸೀಟ್‌ಗಳಿಗೆ ಮಾಡುವ ಅನ್ಯಾಯ. ಸೀಟ್ ಸವೆದು ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಪೂರ್ತಿ ಮುಚ್ಚಲು ಬಿಟ್ಟಿರುವ ಸಣ್ಣ ಸಂದು) ಮುಚ್ಚುತ್ತಾ ಬರುತ್ತದೆ, ಕೊನೆಗೆ ಕಂಪ್ರೆಷನ್ ಹೋಗುತ್ತದೆ. ಕ್ಲಿಯರೆನ್ಸ್ ಹೊಂದಿಸಬಹುದಾದ ಎಂಜಿನ್ ಇದ್ದರೆ ಕಾಲಕಾಲಕ್ಕೆ ಅಳೆಸಿ.

ಎಲ್‌ಪಿಜಿ ತುಂಬಿಸಿದಾಗಲೆಲ್ಲ ಟ್ರಿಮ್ ಅಷ್ಟಿಷ್ಟು ಸರಿದಾಡುವುದು ಸಹಜ. ಪ್ರೋಪೇನ್ ಮತ್ತು ಬ್ಯುಟೇನ್ ಪ್ರಮಾಣ ಒಂದೇ ಇರುವುದಿಲ್ಲ. ಬ್ಯುಟೇನ್ ಹೆಚ್ಚಿದರೆ ತುಸು ರಿಚ್. ಅದನ್ನು ಬೆನ್ನಟ್ಟಿ ಮ್ಯಾಪ್ ತಿದ್ದಬೇಡಿ. ಮಿಶ್ರಣ ಸದಾ ರಿಚ್ ಕಡೆಗೇ ನಿಂತರೆ ಮಾತ್ರ ಮುಚ್ಚದ ಇಂಜೆಕ್ಟರ್ ಅಥವಾ ಒತ್ತಡ ತಡೆಯದ ರೆಡ್ಯೂಸರ್ ಹುಡುಕಿ. ಗ್ಯಾಸ್ ವಾಸನೆ ಬಂದರೆ ಟ್ರಿಮ್ ನೋಡುತ್ತಾ ಕೂರಬೇಡಿ. ಎಂಜಿನ್ ನಿಲ್ಲಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ, ಸೋಪು ನೀರಿನಿಂದ ಜೋಡಣೆಗಳನ್ನು ಪರೀಕ್ಷಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಕೊಳ್ಳುತ್ತದೆ.

ಲೀಟರ್ ಲೆಕ್ಕದಲ್ಲಿ ಪೆಟ್ರೋಲ್‌ಗಿಂತ ಶೇ 15ರಿಂದ 25ರಷ್ಟು ಹೆಚ್ಚು ಎಲ್‌ಪಿಜಿ ಖರ್ಚಾಗುತ್ತದೆ. ಅದು ಎಲ್‌ಪಿಜಿಯ ಗುಣ, ಕಿಟ್‌ನ ದೋಷವಲ್ಲ. ಅದಕ್ಕಿಂತ ಹೆಚ್ಚಾದರೆ ಮೇಲೆ ಹೇಳಿದ ಕ್ರಮದಲ್ಲಿ ಹುಡುಕಿ.

ಕಿಟ್ ಬಗ್ಗೆ ನನ್ನ ದೂರು ಒಂದೇ, ಅದು ಅಳವಡಿಸುವವರ ಮೇಲೆ. ಕೆಲವರು ಗ್ಯಾಸ್ ಇಸಿಯುಗೆ ಪಾಸ್‌ವರ್ಡ್ ಹಾಕಿ ಕೊಡುತ್ತಾರೆ. ಹಾಗಾದರೆ ಇಂಜೆಕ್ಷನ್ ಸಮಯ, ಒತ್ತಡ, ರೆಡ್ಯೂಸರ್ ತಾಪಮಾನ ಯಾವುದೂ ಮಾಲೀಕನಿಗೆ ಕಾಣುವುದಿಲ್ಲ. ಕೆಲಸ ಒಪ್ಪಿಸುವ ಮೊದಲೇ ಪಾಸ್‌ವರ್ಡ್ ಇರಬಾರದೆಂದು ಹೇಳಿ, ಮುಗಿದ ದಿನವೇ ಮ್ಯಾಪ್ ಫೈಲ್‌ನ ಪ್ರತಿಯನ್ನೂ ಆ ಹೊತ್ತಿನ ಟ್ರಿಮ್ ಅಂಕಿಗಳನ್ನೂ ಬರೆಸಿ ತೆಗೆದುಕೊಳ್ಳಿ.