ಇಟಲಿ ಕಾಲಾಳುಗಳ 1:72 ಸೆಟ್: ಕಾರವಾರದ ಹವೆಯಲ್ಲಿ ಬಣ್ಣ ನಿಲ್ಲುತ್ತದೆಯೇ?

ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಕಾದಿದ ಇಟಲಿ ಕಾಲಾಳುಗಳ 48 ಬೊಂಬೆಗಳ ಸೆಟ್ ಇದು. 1:72 ಅಂದರೆ ನಿಜದ ಎಪ್ಪತ್ತೆರಡನೇ ಒಂದು ಪಾಲು. ಅಳತೆ ಸರಿಯಿದೆ: ಉದ್ದನೆಯ ಕಾರ್ಕಾನೊ ಬಂದೂಕು ನಿಜದಲ್ಲಿ ಸುಮಾರು 129 ಸೆಂ.ಮೀ., ಇಲ್ಲಿ 18 ಮಿ.ಮೀ. ಬ್ರೆಡಾ 30 ಮಷಿನ್‌ಗನ್ನಿನ ಬಲಮಗ್ಗುಲ ಮ್ಯಾಗಜಿನ್ ಕೂಡ ಬಿಟ್ಟಿಲ್ಲ. ಅದರಲ್ಲಿ ಗುಂಡಿಗೆ ಎಣ್ಣೆ ಸವರುವ ಪಂಪು ಒಳಗೇ ಇತ್ತು. ಮರುಭೂಮಿಯ ಧೂಳು ಎಣ್ಣೆಗೆ ಅಂಟಿ ಗನ್ನು ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಇದಕ್ಕೆ ಹೊಳಪು ಕೊಡಬೇಡಿ, ಧೂಳಿನ ಬಣ್ಣ ಮೆತ್ತಿ.

ಇದರಿಂದ ಕಟ್ಟಲು ತಕ್ಕ ದೃಶ್ಯ ಇಟಲಿ ಸೇನೆಯ ಸಾವೋನಾ ಡಿವಿಷನ್ನಿನ ಠಾಣೆ. 1941ರ ನವೆಂಬರ್ 22ರಂದು ಲಿಬಿಯಾ-ಈಜಿಪ್ಟ್ ಗಡಿಯಲ್ಲಿದ್ದ ಅದರ ಒಮರ್ ನುವೋವೊ ಠಾಣೆಗೆ ನುಗ್ಗಿದ್ದು ಬ್ರಿಟಿಷರ ಪರ ಕಾದುತ್ತಿದ್ದ ನಮ್ಮ 7ನೇ ಭಾರತೀಯ ಬ್ರಿಗೇಡ್. ಸಾವೋನಾದ್ದು ಎರಡೇ ಕಾಲಾಳು ರೆಜಿಮೆಂಟುಗಳ ಡಿವಿಷನ್, 15 ಮತ್ತು 16. ಲಾರಿಗಳ ಕೊರತೆಯಿಂದ ಕಂದಕದಲ್ಲೇ ಕಾದಿದವರಿವರು. ಸೆಟ್‌ನಲ್ಲೋ ಬಯೊನೆಟ್ ಹಿಡಿದು ಓಡುವವರೇ ಹೆಚ್ಚು, ಕುಳಿತು ಗುರಿಯಿಡುವವರು ಎಂಟೇ ಜನ. 47/32 ಟ್ಯಾಂಕ್ ನಿರೋಧಕ ತೋಪು ಇಲ್ಲವೇ ಇಲ್ಲ. ನೀರಿನ ಡಬ್ಬಿಗಳೂ ಇಲ್ಲ. ಈಜಿಪ್ಟಿನ ಹಲ್ಫಾಯಾ ಕಣಿವೆದಾರಿಯಲ್ಲಿ ಉಳಿದವರು ಅನ್ನ ನೀರಿಲ್ಲದೆ 1942ರ ಜನವರಿ 17ರಂದು ಶರಣಾದದ್ದನ್ನು ಬಲ್ಲವರಿಗೆ ಈ ಕೊರತೆ ಕಣ್ಣಿಗೆ ಚುಚ್ಚುತ್ತದೆ.

ಪ್ಲಾಸ್ಟಿಕ್ ಮೆತ್ತಗಿನ ಪಾಲಿಥಿನ್. ಮೊದಲು ಸೋಪು ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆಯಿರಿ. ಬಾಗಿದ ನಳಿಗೆಯನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ, ಹಿಡಿದುಕೊಂಡೇ ತಣ್ಣೀರಿಗೆ ಹಾಕಿ. ಅಂಚಿನ ಎಳೆಗಳಿಗೆ ಹೊಸ ಬ್ಲೇಡೇ ಬೇಕು. ಸ್ಯಾಂಡ್‌ಪೇಪರ್ ಉಜ್ಜಿದರೆ ನಾರೇಳುತ್ತದೆ.

ಬಣ್ಣದ ಕೆಳಗಿನ ಮೊದಲ ಲೇಪಕ್ಕೆ, ಅಂದರೆ ಅಸ್ತರಿಗೆ, ಫೆವಿಕಾಲ್‌ಗೆ ನೀರು ಬೆರೆಸಿ ಹಚ್ಚುವ ರೂಢಿಯಿದೆ. ಬೇಸಿಗೆಯಲ್ಲಿ ಅದು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಬೇಡವೇ ಬೇಡ: ತೇವ ಹೀರಿ ಬೆಳ್ಳಗಾಗುತ್ತದೆ, ಜಿಗುಟಾಗುತ್ತದೆ, ಮೇಲಿನ ಬಣ್ಣ ಮೊಣಕೈ ಮಡಿಕೆಯಿಂದ ಸುಲಿಯತೊಡಗುತ್ತದೆ. ಬದಲಿಗೆ ಕಾರಿನ ಬಂಪರ್‌ಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರನ್ನು ತೆಳ್ಳಗೆ ಹೊಡೆಯಿರಿ, ಮಳೆ ಬಿಟ್ಟ ದಿನ ನೋಡಿ. ಸ್ಪ್ರೇ ವಾರ್ನಿಷ್ ತೇವದ ಗಾಳಿಯಲ್ಲಿ ಬೂದಿ ಕವಿದಂತಾಗುತ್ತದೆ. ಮ್ಯಾಟ್ ವಾರ್ನಿಷನ್ನು ಕುಂಚದಿಂದಲೇ ಹಚ್ಚಿ, ಒಣಗಿದ ಮೇಲೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಶಿರಸಿಯವರು ರಟ್ಟಿನ ಬುಡ ಬಳಸಬೇಡಿ, ಜುಲೈಗೆ ಬೂಸ್ಟು ಹಿಡಿಯುತ್ತದೆ. ಕಾರವಾರದ ಕಡಲ ಮರಳು ಮರುಭೂಮಿಗೆ ಒಪ್ಪುತ್ತದೆ, ಆದರೆ ಉಪ್ಪು ತೇವ ಎಳೆಯುತ್ತದೆ: ಸಿಹಿನೀರಿನಲ್ಲಿ ಮೂರು ಸಲ ತೊಳೆದು, ಹಳೆ ಕಾವಲಿಯ ಮೇಲೆ ಹುರಿದು ಆರಿಸಿದ ಮೇಲೆಯೇ ಅಂಟಿಸಿ.