‘ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಿದ್ದೇವೆ, ಫೆರೆಟ್ ಕೊಡುತ್ತೇವೆ’ ಎಂಬ ಜಾಹೀರಾತು ಕಂಡರೆ ಎಚ್ಚರ

ಡಾಲಸ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಫೆರೆಟ್ ಎಂಬ, ಮುಂಗುಸಿಯಂತೆ ಕಾಣುವ ಪ್ರಾಣಿಯನ್ನು ಸಾಕಿದವರು ಬೆರಳೆಣಿಕೆಯಷ್ಟೇ ಇದ್ದರೂ, ಮಕ್ಕಳ ಹಟಕ್ಕೆ ಮಣಿದು ‘ಯಾರಾದರೂ ಬಿಟ್ಟುಕೊಡುವ ಫೆರೆಟ್ ಇದ್ದರೆ ತಿಳಿಸಿ’ ಎಂದು ಕೇಳುವ ತಂದೆತಾಯಂದಿರು ಈಚೆಗೆ ಹೆಚ್ಚಾಗಿರುವುದರಿಂದ ಇದನ್ನು ಬರೆಯಬೇಕೆನಿಸಿತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿದೆ, ಪ್ರಾಣಿಗಳನ್ನು ಕರೆದೊಯ್ಯುವಂತಿಲ್ಲ, ಒಳ್ಳೆಯ ಮನೆ ಸಿಕ್ಕರೆ ಸಾಕು ಎಂದು ಹೇಳಿಕೊಂಡು, ಹೊಟ್ಟೆಗಿಲ್ಲದೆ ಸೊರಗಿದ ರೋಗಗ್ರಸ್ತ ಫೆರೆಟ್‌ಗಳನ್ನು ಹಣಕ್ಕೆ ದಾಟಿಸುವ ವ್ಯಕ್ತಿಯೊಬ್ಬ ಡಾಲಸ್ ಮತ್ತು ಫೋರ್ಟ್ ವರ್ತ್ ನಡುವೆ ಇದ್ದಾನೆ. ಅವನಿಂದ ನಾವು ತಂದ ಮೂರರಲ್ಲಿ ಒಂದು ಸತ್ತಿತು, ಒಂದು ಬದುಕಿರುವಷ್ಟು ದಿನವೂ ಔಷಧಿ ನುಂಗಬೇಕಾಗಿದೆ, ಮೂರನೆಯದು ನಮ್ಮ ಮನೆಯ ಹಳೆಯ ಫೆರೆಟ್ ಹಾಸಿಗೆ ಹಿಡಿಯುವಂಥ ಕಾಯಿಲೆಯನ್ನು ಹೊತ್ತು ತಂದಿತು.

ಅವನ ಕಥೆಯನ್ನು ಜನ ನಂಬುವುದಕ್ಕೆ ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್ ಸಾಕುವುದು ನಿಜವಾಗಿಯೂ ಕಾನೂನುಬಾಹಿರ. ಹವಾಯಿಯಲ್ಲೂ ಹಾಗೆಯೇ, ನ್ಯೂಯಾರ್ಕ್ ನಗರದೊಳಗೂ ಹಾಗೆಯೇ. ನಾವಿರುವ ಟೆಕ್ಸಾಸ್‌ನಲ್ಲಿ ರಾಜ್ಯಮಟ್ಟದ ಅಂಥ ನಿಷೇಧವಿಲ್ಲ. ಇಲ್ಲಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ವರ್ಗವಾಗಿ ಹೋಗುವ ಕುಟುಂಬಗಳು ನಮ್ಮ ಪರಿಚಯದಲ್ಲೇ ಎಷ್ಟೋ ಇರುವಾಗ, ಹೀಗೆ ಪೇಚಿಗೆ ಸಿಕ್ಕಿದವನ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಸುಳ್ಳಿನ ಬುಡದಲ್ಲಿ ಒಂದು ನಿಜವಾದ ಕಾನೂನನ್ನು ಇಟ್ಟುಕೊಂಡಿರುವುದೇ ಅವನ ಜಾಣತನ.

ಫೆರೆಟ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಫೋಟೋ ಕಳಿಸಿದರೆ ಊರಿನಲ್ಲಿ ಎಲ್ಲರೂ ಮುಂಗುಸಿ ಎನ್ನುತ್ತಾರೆ. ಆದರೆ ಇದು ನೀರುನಾಯಿಯ ಬಳಗಕ್ಕೆ ಸೇರಿದ, ಯೂರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯಿಂದ ಶತಮಾನಗಳ ಹಿಂದೆಯೇ ಪಳಗಿಸಿದ ಸಾಕುಪ್ರಾಣಿ. ಅಪ್ಪಟ ಮಾಂಸಾಹಾರಿ. ಕರುಳು ಬಹಳ ಗಿಡ್ಡ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಬಂದುಬಿಡುತ್ತದೆ. ಆದ್ದರಿಂದ ದಿನಕ್ಕೆ ಹಲವು ಬಾರಿ ತಿನ್ನಬೇಕು. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲವೆಂದೇ ಹೇಳಬೇಕು, 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ನಾಯಿ ಹೇಗೋ ತಡೆದುಕೊಳ್ಳಬಹುದಾದ ಅಸಡ್ಡೆಯನ್ನು ಫೆರೆಟ್ ತಡೆಯಲಾರದು.

ನಾವು ಹೋದದ್ದು ಜುಲೈ ತಿಂಗಳಿನಲ್ಲಿ. ಮನೆಯ ಒಳಗೆ ಕರೆಯದೆ ಆತ ಗ್ಯಾರೇಜಿನ ಬಾಗಿಲು ಎತ್ತಿದ. ಒಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮೊಲಕ್ಕೆಂದು ಮಾಡಿದ ತಂತಿಯ ಪಂಜರ, ತಳದಲ್ಲಿ ದೇವದಾರು ಮರದ ಹೊಟ್ಟು, ನೀರಿನ ಬಾಟಲಿಯ ನಳಿಕೆಯ ತುದಿಯಲ್ಲಿ ಬಿಳಿ ಉಪ್ಪು ಗಟ್ಟಿಕೊಂಡಿತ್ತು. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ ಕಟ್ಟಿದ ಜೋಲಿಯಲ್ಲಿ, ಜೇಬು ಇನ್ನೂ ಹಾಗೇ ಇದ್ದ ಆ ಬಟ್ಟೆಯಲ್ಲಿ, ಮೂರೂ ಒಂದರ ಮೇಲೊಂದು ಬಿದ್ದಿದ್ದವು. ಮಗಳು ಅದರ ಫೋಟೋ ತೆಗೆದುಕೊಂಡಳು. ಜಾಹೀರಾತಿನಲ್ಲಿ ‘ಪ್ರಾಣಿಗಳು ಉಚಿತ, ಪಂಜರಕ್ಕೆ ಮಾತ್ರ ಅಲ್ಪ ಹಣ’ ಎಂದಿತ್ತು. ಅಲ್ಲಿ ನಿಂತ ಮೇಲೆ ತಲೆಗೆ ಇಷ್ಟು ಎಂದು ಲೆಕ್ಕ ಬದಲಾಯಿತು. ಸಂಜೆ ಇನ್ನೊಬ್ಬರು ಬರುತ್ತಾರೆ, ನಗದಾದರೆ ಮಾತ್ರ ಕೊಡುತ್ತೇನೆ ಎಂದ. ಆ ಸೆಕೆಯಲ್ಲಿ ಅವುಗಳನ್ನು ಬಿಟ್ಟು ಬರಲು ಯಾರಿಗೂ ಮನಸ್ಸು ಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗ್ಯಾರೇಜಿನ ಸೆಕೆ ಅವನ ಬಡತನವೂ ಅಲ್ಲ, ಅಜ್ಞಾನವೂ ಅಲ್ಲ, ಅವನ ಅಂಗಡಿಯ ಷೋಕೇಸು ಎಂದೇ ನಾನು ಈಗ ತಿಳಿದಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲರೂ ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಪಂಜರ ತೆರೆಯುವ ಮೊದಲೇ ಆತ ಒಂದು ಟ್ಯೂಬಿನಿಂದ ಕಂದು ಬಣ್ಣದ ಸಿಹಿ ಪೇಸ್ಟನ್ನು ಬೆರಳಿಗೆ ಹಿಂಡಿ, ಮೂರರಲ್ಲಿ ದೊಡ್ಡದಾದ ಗಂಡು ಫೆರೆಟ್‌ಗೆ ನೆಕ್ಕಿಸಿದ. ಸ್ವಲ್ಪ ಹೊತ್ತಿನಲ್ಲೇ ಅದು ಕೆಳಗಿಳಿದು ನೆಲವನ್ನೆಲ್ಲ ಮೂಸುತ್ತ ಓಡಾಡತೊಡಗಿತು. ‘ಎರಡೇ ವರ್ಷದ್ದು, ನೋಡಿ ಎಷ್ಟು ಚುರುಕು’ ಎಂದ. ಮನೆಗೆ ಬರುವ ದಾರಿಯಲ್ಲಿ ಅದೇ ಪ್ರಾಣಿ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿಯನ್ನು ಪರಚಿಕೊಳ್ಳುತ್ತ, ಹಿಂಗಾಲು ಎಳೆಯುತ್ತ ಕುಸಿಯಿತು. ಕಣ್ಣು ತೆರೆದೇ ಇತ್ತು, ಆದರೆ ಕರೆದರೆ ತಿರುಗಲಿಲ್ಲ. ನಮ್ಮಲ್ಲಿ ಮೊದಲೇ ಫೆರೆಟ್ ಇದ್ದುದರಿಂದ ಕೈಚೀಲದಲ್ಲಿ ಜೇನುತುಪ್ಪದ ಪೊಟ್ಟಣವಿತ್ತು. ಅದನ್ನು ಒಸಡಿಗೆ ಸವರುತ್ತ ತುರ್ತು ಆಸ್ಪತ್ರೆಗೆ ಧಾವಿಸಿದೆವು. ಅಲ್ಲಿ ರಕ್ತದ ಸಕ್ಕರೆ ನೋಡಿದಾಗ 42 ಇತ್ತು. ಆರೋಗ್ಯವಂತ ಫೆರೆಟ್‌ಗೆ ಅದು 90ರ ಮೇಲಿರುವುದು ವಾಡಿಕೆ, 60ಕ್ಕಿಂತ ಕೆಳಗಿಳಿದರೆ ಇನ್ಸುಲಿನೋಮಾ ಎಂದು ಬಲವಾಗಿ ಸಂಶಯಪಡಬೇಕು.

ಮೇದೋಜೀರಕ ಗ್ರಂಥಿಯಲ್ಲಿ ಬೆಳೆಯುವ, ಇನ್ಸುಲಿನ್ ಸುರಿಸುವ ಗಡ್ಡೆಯೇ ಈ ಇನ್ಸುಲಿನೋಮಾ. ವಯಸ್ಸಾದ ಫೆರೆಟ್‌ಗಳಲ್ಲಿ ಬಹಳ ಸಾಮಾನ್ಯ. ಸಿಹಿ ಕೊಟ್ಟೊಡನೆ ಸಕ್ಕರೆ ಏರಿ ಪ್ರಾಣಿ ಗೆಲುವಾಗುತ್ತದೆ. ಆ ಏರಿಕೆಯನ್ನೇ ನೆಪವಾಗಿಸಿಕೊಂಡು ಗಡ್ಡೆ ಮತ್ತಷ್ಟು ಇನ್ಸುಲಿನ್ ಬಿಡುವುದರಿಂದ, ಮೊದಲಿಗಿಂತಲೂ ಕೆಳಕ್ಕೆ ಬೀಳುತ್ತದೆ. ಜೇನು ಸವರುವುದು ಪ್ರಾಣ ಉಳಿಸುವ ತುರ್ತು ಉಪಾಯ, ಎಚ್ಚರಗೊಂಡ ಕೂಡಲೇ ಮಾಂಸದ ಆಹಾರ ಕೊಟ್ಟು ವೈದ್ಯರಲ್ಲಿಗೆ ಒಯ್ಯಬೇಕು. ಆದರೆ ಗ್ರಾಹಕರು ಬರುವ ಹೊತ್ತಿಗೆ ಸರಿಯಾಗಿ ಸಿಹಿ ನೆಕ್ಕಿಸುವವನಿಗೆ ಆ ಕಾಯಿಲೆಯ ಪರಿಚಯ ಇಲ್ಲದಿರಲು ಸಾಧ್ಯವಿಲ್ಲ. ಕೋರೆಹಲ್ಲು ಹಳದಿಯಾಗಿ ಗಾಜಿನಂತೆ ಪಾರದರ್ಶಕವಾಗಿರುವುದನ್ನು ತೋರಿಸಿ, ಇದಕ್ಕೆ ಐದು ವರ್ಷ ಕಳೆದಿರಬೇಕು ಎಂದರು ವೈದ್ಯರು. ಈಗ ದಿನಕ್ಕೆ ಎರಡು ಸಲ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧಿ ಕೊಡುತ್ತಿದ್ದೇವೆ, ರಾತ್ರಿ ನಡುವೆ ಎದ್ದು ಉಣಿಸುತ್ತಿದ್ದೇವೆ.

ಮೂರರಲ್ಲಿದ್ದ ಹೆಣ್ಣು ಫೆರೆಟ್‌ನ ವಿಷಯ ಇನ್ನೂ ಕಷ್ಟದ್ದು. ಬಾಲದಿಂದ ಸೊಂಟದವರೆಗೆ ಕೂದಲು ಉದುರಿತ್ತು, ಯೋನಿಯ ಭಾಗ ಊದಿಕೊಂಡಿತ್ತು. ಮೂತ್ರಪಿಂಡದ ಬಳಿಯಿರುವ ಅಡ್ರಿನಲ್ ಗ್ರಂಥಿಯ ಕಾಯಿಲೆಯಲ್ಲಿಯೂ ಹೀಗೇ ಕಾಣುತ್ತದೆ. ಅದಕ್ಕೆ ಡೆಸ್ಲೊರೆಲಿನ್ ಎಂಬ ಔಷಧಿಯನ್ನು ಚರ್ಮದಡಿ ಇಟ್ಟು ವರ್ಷಗಟ್ಟಲೆ ಕಾಪಾಡಬಹುದು. ನಾವೂ ಅದೇ ಇರಬೇಕೆಂದು ಸಮಾಧಾನಪಟ್ಟುಕೊಂಡೆವು. ವೈದ್ಯರು ಅದರ ಬಲಗಿವಿಯನ್ನು ಮಗುಚಿ ನೋಡಿ ಸುಮ್ಮನಾದರು. ಅಮೆರಿಕದ ಸಾಕುಪ್ರಾಣಿ ಅಂಗಡಿಗಳಿಗೆ ಬರುವ ಬಹುಪಾಲು ಫೆರೆಟ್‌ಗಳಿಗೆ ಮರಿಯಾಗಿರುವಾಗಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುತ್ತದೆ, ದೊಡ್ಡ ತಳಿಗಾರರಲ್ಲಿ ಕೆಲವರು ಅದರ ಗುರುತಾಗಿ ಕಿವಿಯಲ್ಲಿ ಹಚ್ಚೆಯ ಚುಕ್ಕೆ ಹಾಕಿರುತ್ತಾರೆ. ಎರಡೂ ಗಂಡುಗಳ ಕಿವಿಯಲ್ಲಿ ಆ ಚುಕ್ಕೆಗಳಿದ್ದವು. ಇದರ ಕಿವಿಯಲ್ಲಿ ಏನೂ ಇರಲಿಲ್ಲ. ಸ್ಕ್ಯಾನ್ ಮಾಡಿದಾಗ ಶಸ್ತ್ರಚಿಕಿತ್ಸೆಯೇ ಆಗಿಲ್ಲವೆಂದು ಖಚಿತವಾಯಿತು.

ಫೆರೆಟ್‌ಗಳಲ್ಲಿ ಹೆಣ್ಣು ಒಮ್ಮೆ ಬೆದೆಗೆ ಬಂದರೆ, ಗಂಡಿನ ಸಂಗವಾಗದೆ ಬೆದೆ ತಾನಾಗಿ ಇಳಿಯುವುದು ಅಪರೂಪ. ತಿಂಗಳುಗಟ್ಟಲೆ ಈಸ್ಟ್ರೋಜನ್ ಏರಿಯೇ ಇದ್ದು ಅಸ್ಥಿಮಜ್ಜೆಯನ್ನು ಒಣಗಿಸಿಬಿಡುತ್ತದೆ, ರಕ್ತ ಹುಟ್ಟುವುದೇ ನಿಲ್ಲುತ್ತದೆ. ನಾವು ತರುವ ವೇಳೆಗೆ ಅದರ ಒಸಡು ಕಾಗದದಷ್ಟು ಬಿಳಿಚಿತ್ತು, ಹೊಟ್ಟೆಯ ಚರ್ಮದ ಮೇಲೆ ಸೂಜಿಮೊನೆಯಷ್ಟು ನೇರಳೆ ಕಲೆಗಳಿದ್ದವು. ಬೇರೆ ಫೆರೆಟ್‌ನ ರಕ್ತ ಕೊಟ್ಟು ನೋಡಿದರು, ಫಲವಾಗಲಿಲ್ಲ. ಸಕಾಲದಲ್ಲಿ ಒಂದು ಶಸ್ತ್ರಚಿಕಿತ್ಸೆ ಅಥವಾ ಒಂದು ಹಾರ್ಮೋನು ಚುಚ್ಚುಮದ್ದು ತಪ್ಪಿಸಬಹುದಾಗಿದ್ದ ಸಾವು ಅದು. ‘ಮೂರಕ್ಕೂ ಆಪರೇಷನ್ ಆಗಿದೆ’ ಎಂದು ಆತ ಬರೆದು ಕಳಿಸಿದ ಸಂದೇಶ ನನ್ನ ಫೋನಿನಲ್ಲಿ ಇನ್ನೂ ಇದೆ.

ಮೂರನೆಯದು ಎಳೆಯ ಗಂಡು, ಕಿವಿಯಲ್ಲಿ ನುಸಿ ತುಂಬಿ ಕಾಫಿ ಗಷ್ಟಿನಂಥ ಕಪ್ಪು ಕೊಳೆ ಕಟ್ಟಿದ್ದು ಬಿಟ್ಟರೆ ಬೇರೇನೂ ತೊಂದರೆ ಕಾಣಲಿಲ್ಲ. ನೋಡಲು ಎಲ್ಲಕ್ಕಿಂತ ಆರೋಗ್ಯವಾಗಿದ್ದ ಇದೇ ನಮ್ಮ ಹಳೆಯ ಫೆರೆಟ್‌ಗೆ ಕಂಟಕವಾಯಿತು. ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಬಟ್ಟೆ ಎಲ್ಲವೂ ಇದ್ದರೂ ಕೆಲವೇ ದಿನಗಳಲ್ಲಿ ಹಳೆಯದಕ್ಕೆ ಹಸಿರು ಲೋಳೆಯ ಭೇದಿ ಶುರುವಾಯಿತು. ಇದು ಫೆರೆಟ್‌ಗಳಿಗೇ ವಿಶಿಷ್ಟವಾದ ಒಂದು ಕೊರೋನಾ ವೈರಸ್ಸಿನಿಂದ ಬರುವ ಕರುಳಿನ ರೋಗ, 1993ರ ಸುಮಾರಿಗೆ ಅಮೆರಿಕದ ಪೂರ್ವ ಭಾಗದಲ್ಲಿ ಮೊದಲು ಗಮನಕ್ಕೆ ಬಂದದ್ದು. ಎಳೆಯವು ಏನೂ ಆಗದವರಂತೆ ಅದನ್ನು ಹೊತ್ತು ತಿರುಗುತ್ತವೆ, ವಯಸ್ಸಾದವು ನೆಲಕಚ್ಚುತ್ತವೆ. ಕೈ, ಬಟ್ಟೆ, ಪಾತ್ರೆ ಯಾವುದರಿಂದಲೂ ಹರಡುತ್ತದೆ. ಚರ್ಮದಡಿ ದ್ರವ ಕೊಡಿಸುತ್ತ, ಗಂಜಿಯಂತೆ ಕಲಸಿದ ಮಾಂಸವನ್ನು ಸಿರಿಂಜಿನಲ್ಲಿ ಹನಿಸುತ್ತ ಹಳೆಯದನ್ನು ಉಳಿಸಿಕೊಂಡೆವು. ಕಳೆದುಕೊಂಡ ತೂಕ ಪೂರ್ತಿ ಮರಳಿಲ್ಲ. ಮನೆಯಲ್ಲಿ ಈಗಾಗಲೇ ಫೆರೆಟ್ ಇರುವವರು, ಅದರಲ್ಲೂ ವಯಸ್ಸಾದದ್ದು ಇರುವವರು, ಇಂಥ ಕಡೆಯಿಂದ ಬಂದದ್ದನ್ನು ಬೇರೆ ಕೋಣೆಯಲ್ಲಲ್ಲ, ಸಾಧ್ಯವಾದರೆ ಫೆರೆಟ್ ಇಲ್ಲದ ಸ್ನೇಹಿತರ ಮನೆಯಲ್ಲಿ ತಿಂಗಳಮಟ್ಟಿಗೆ ಇಡಿಸುವುದು ಮೇಲು.

ಲಸಿಕೆಯ ದಾಖಲೆಯೆಂದು ಆತ ಕೊಟ್ಟದ್ದು ಸೀಸೆಯ ಮೇಲಿನ ಲೇಬಲ್ ಅಂಟಿಸಿದ ಒಂದು ಚೀಟಿ. ವೈದ್ಯರ ಹೆಸರಿಲ್ಲ, ಸಹಿ ಇಲ್ಲ. ಅದು ರೈತರ ಸಾಮಗ್ರಿಯ ಅಂಗಡಿಗಳಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ, ನಾಯಿಮರಿಗೆ ಹಾಕುವ ಲಸಿಕೆಯ ಲೇಬಲ್. ನಾಯಿಗಳ ಡಿಸ್ಟೆಂಪರ್ ರೋಗ ತಗುಲಿದ ಫೆರೆಟ್ ಉಳಿಯುವುದಿಲ್ಲವೆಂದೇ ಹೇಳಬೇಕು, ಆದ್ದರಿಂದ ಲಸಿಕೆ ಬೇಕೇ ಬೇಕು. ಆದರೆ ನಾಯಿಗೆಂದು ಮಾಡಿದ ಕೆಲವು ಜೀವಂತ ಲಸಿಕೆಗಳು ಫೆರೆಟ್‌ಗೆ ಅದೇ ರೋಗವನ್ನು ತರಬಲ್ಲವು. ಫೆರೆಟ್ ನೋಡುವ ವೈದ್ಯರ ಚಿಕಿತ್ಸಾಲಯದ ದೂರವಾಣಿ ಸಂಖ್ಯೆ ಇಲ್ಲದ ಚೀಟಿಯನ್ನು ಲಸಿಕೆಯ ದಾಖಲೆಯೆಂದು ಒಪ್ಪಬೇಡಿ. ಆ ಸಂಖ್ಯೆಗೆ ಹೊರಡುವ ಮೊದಲೇ ಕರೆಮಾಡಿ.

ಸೊರಗಿದ ಪ್ರಾಣಿಯನ್ನು ಮನೆಗೆ ತಂದವರು ಮಾಡುವ ಮೊದಲ ಕೆಲಸ ಹೊಟ್ಟೆ ತುಂಬ ಬಡಿಸುವುದು. ಅದೂ ಅಪಾಯ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದ ಲವಣಾಂಶಗಳು, ಮುಖ್ಯವಾಗಿ ರಂಜಕ, ಕುಸಿದು ಹೃದಯ ನಿಲ್ಲಬಹುದು. ವೈದ್ಯರು ಹೇಳಿದ ಅಳತೆಯಲ್ಲಿ, ಚಮಚದ ಲೆಕ್ಕದಲ್ಲಿ, ಕೆಲವು ಗಂಟೆಗೊಮ್ಮೆ ಕೊಡಬೇಕು. ನಮ್ಮದು ಸಸ್ಯಾಹಾರಿ ಮನೆ. ಕೋಳಿ ಇಡಲು ಬೇರೆ ಫ್ರಿಜ್ಜು, ಬೇರೆ ಮಿಕ್ಸಿ ಇಟ್ಟುಕೊಂಡಿದ್ದೇವೆ, ಅತ್ತೆಯವರು ಬಂದಾಗ ಆ ಕಡೆಗೆ ಬಟ್ಟೆ ಹೊದಿಸುತ್ತೇವೆ. ಹಾಲು, ಮೊಸರನ್ನ ಹಾಕಿ ಸಾಕಿಬಿಡೋಣ ಎನ್ನುವವರು ದಯವಿಟ್ಟು ಫೆರೆಟ್ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಕೆಲವು ವಾರಗಳ ನಂತರ ಫೋರ್ಟ್ ವರ್ತ್ ಕಡೆಯ ಇನ್ನೊಂದು ಜಾಹೀರಾತನ್ನು ಸ್ನೇಹಿತೆಯೊಬ್ಬರು ಕಳಿಸಿದರು. ಹೆಸರು ಬೇರೆ, ಪ್ರಾಣಿಗಳು ಬೇರೆ, ಕ್ಯಾಲಿಫೋರ್ನಿಯಾದ ಕಥೆ ಅದೇ. ಹಿಂದೆ ಜೀನ್ಸಿನ ಜೋಲಿ, ಅದೇ ಜೇಬು. ಮಗಳ ಫೋಟೋ ಪಕ್ಕದಲ್ಲಿಟ್ಟು ನೋಡಿದಾಗ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಸಾಕಲಾಗದವರು ಪುಕ್ಕಟೆ ಕೊಡುವ ಫೆರೆಟ್‌ಗಳನ್ನು ಇವನು ಒಟ್ಟುಮಾಡಿ ಮಾರುತ್ತಿರಬೇಕೆಂದು ನನ್ನ ಊಹೆ. ಕನಿಕರಪಟ್ಟು ಕೊಟ್ಟ ನಮ್ಮ ಹಣ ಮುಂದಿನ ಮೂರನ್ನು ಆ ಗ್ಯಾರೇಜಿಗೆ ತಂದಿರಬಹುದು.

ಟೆಕ್ಸಾಸ್ ದಂಡಸಂಹಿತೆಯ 42.092ನೆಯ ಸೆಕ್ಷನ್ ಪ್ರಕಾರ, ತನ್ನ ವಶದಲ್ಲಿರುವ ಸಾಕುಪ್ರಾಣಿಗೆ ಅಗತ್ಯವಾದ ಆಹಾರ, ನೀರು, ಆರೈಕೆ, ಆಸರೆ ಒದಗಿಸದಿರುವುದು ಅಪರಾಧ. ಆದರೆ ಪ್ರಾಣಿಗಳು ಅವನ ವಶದಲ್ಲಿರುವಾಗಲೇ ದೂರು ಕೊಟ್ಟರೆ ಅಧಿಕಾರಿಗಳು ಹೋಗಿ ಕಣ್ಣಾರೆ ನೋಡಲು ಸಾಧ್ಯ. ಹಣ ಕೊಟ್ಟು ನಾವೇ ಎತ್ತಿಕೊಂಡು ಬಂದ ಮೇಲೆ ಗ್ಯಾರೇಜಿನಲ್ಲಿ ಉಳಿಯುವುದು ಖಾಲಿ ಪಂಜರ ಮಾತ್ರ. ಆದ್ದರಿಂದ ಇಂಥ ದೃಶ್ಯ ಕಂಡವರು ಫೋಟೋ ತೆಗೆದು, ಜಾಹೀರಾತು ಅಳಿಸಿಹೋಗುವ ಮುನ್ನ ಅದರ ಸ್ಕ್ರೀನ್‌ಶಾಟ್ ಉಳಿಸಿಕೊಂಡು, ಡಾಲಸ್ ನಗರದೊಳಗಾದರೆ ನಗರಾಡಳಿತದ ಸಹಾಯವಾಣಿ 311ಕ್ಕೆ, ಬೇರೆ ಊರಾದರೆ ಆಯಾ ಊರಿನ ಪ್ರಾಣಿ ಸೇವಾ ವಿಭಾಗಕ್ಕೆ, ಊರಿನ ಗಡಿಯಾಚೆಗಾದರೆ ಕೌಂಟಿಯ ಷೆರಿಫ್ ಕಚೇರಿಗೆ ಅಲ್ಲಿಂದಲೇ ಕರೆ ಮಾಡಿ. ನಾವು ಫೋಟೋ, ಸಂದೇಶಗಳು, ಆಸ್ಪತ್ರೆಯ ವರದಿ ಎಲ್ಲವನ್ನೂ ಕೊಟ್ಟು ದೂರು ದಾಖಲಿಸಿದ್ದೇವೆ. ಅದೇ ಜೋಲಿಯ ಚಿತ್ರ ಬೇರೆ ಜಾಹೀರಾತುಗಳಲ್ಲಿ ಕಂಡವರು ಅದನ್ನೂ ಅವರಿಗೆ ತಲುಪಿಸಿದರೆ ಪ್ರಕರಣಕ್ಕೆ ಬಲ ಬರುತ್ತದೆ.