ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿಗೆ ಸ್ಟ್ರೆಸ್ ಟೆಸ್ಟ್ ಬೇಕೆ? ಮೆಮ್‌ಟೆಸ್ಟ್86 ಮತ್ತು ಪ್ರೈಮ್95 ಬಳಸಿ ನೋಡಿದ ಮೇಲೆ

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು, ಕಲಬುರಗಿಯಲ್ಲಿ ಓದುತ್ತಿರುವ ಅಕ್ಕನ ಮಗನಿಗಾಗಿ ಒಂದು ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಿದೆ. ರೈಜನ್ 5 5600 ಪ್ರೊಸೆಸರ್, ಅದರ ಪೆಟ್ಟಿಗೆಯಲ್ಲೇ ಬಂದ ಕೂಲರ್, 8 ಜಿಬಿಯ ಎರಡು ಡಿಡಿಆರ್4 ಬಗೆಯ ರ‍್ಯಾಮ್‌ಗಳು. ಎರಡು ದಿನ ಎಲ್ಲವೂ ಸರಾಗವಾಗಿತ್ತು. ಮೂರನೆಯ ದಿನ ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದು ಹೋಯಿತು. ಮರುದಿನ ದೊಡ್ಡದೊಂದು ಜಿಪ್ ಕಡತವನ್ನು ಬಿಚ್ಚುವಾಗ ಅದು ಹಾಳಾಗಿದೆ ಎಂಬ ಸಂದೇಶ ಬಂತು, ಅದೇ ಕಡತ ಇನ್ನೊಮ್ಮೆ ಪ್ರಯತ್ನಿಸಿದಾಗ ಸರಿಯಾಗಿ ಬಿಚ್ಚಿಕೊಂಡಿತು. ಅಂಗಡಿಯವರು ಫೋನಿನಲ್ಲಿ, “ಡ್ರೈವರ್ ಪ್ರಾಬ್ಲಮ್ ಇರಬೇಕು ಸರ್, ಇನ್ನೊಂದ್ಸಲ ವಿಂಡೋಸ್ ಹಾಕಿ ನೋಡಿ” ಎಂದರು. ಹಾಕಿದೆ. ತೊಂದರೆ ಹೋಗಲಿಲ್ಲ. ಹೀಗಾಗಿ ಸ್ಟ್ರೆಸ್ ಟೆಸ್ಟಿಗೆ, ಅಂದರೆ ಯಂತ್ರವನ್ನು ಬೇಕೆಂದೇ ದಣಿಸಿ ದೋಷ ಹೊರಬರುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಇಳಿದೆ.

ಮೊದಲು ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಲು ಬಿಟ್ಟೆ. ಇದು ವಿಂಡೋಸಿನ ಒಳಗಲ್ಲ, ನೇರವಾಗಿ ಪೆನ್‌ಡ್ರೈವಿನಿಂದ ಶುರುವಾಗುವುದರಿಂದ ರ‍್ಯಾಮಿನ ಬಹುಪಾಲನ್ನು ಮುಟ್ಟಿ ನೋಡಬಲ್ಲದು; ಒಂದೊಂದು ಜಾಗದಲ್ಲಿ ಗೊತ್ತಿರುವ ಮಾದರಿಯನ್ನು ಬರೆದು, ಮತ್ತೆ ಓದಿ, ಎರಡೂ ಒಂದೇ ಇವೆಯೇ ಎಂದು ಹೋಲಿಸುತ್ತದೆ. ಉಚಿತ ಆವೃತ್ತಿಯಲ್ಲಿ 4 ಸುತ್ತುಗಳಷ್ಟೇ ಸಿಗುತ್ತವೆ, ಮನೆಬಳಕೆಗೆ ಅಷ್ಟು ಸಾಕು. ಮೊದಲ ಸುತ್ತು ಚುಟುಕಾಗಿರುತ್ತದೆ. ನನ್ನ ಯಂತ್ರದಲ್ಲಿ ಅದು ತಪ್ಪಿಲ್ಲದೆ ಮುಗಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಎರಡನೆಯ ಸುತ್ತಿನಿಂದಾಚೆಗೆ ಪರದೆಯ ಕೆಳಭಾಗದಲ್ಲಿ ದೋಷದ ಸಾಲುಗಳು ನಿಂತಿದ್ದವು: ಇಂಥ ವಿಳಾಸದಲ್ಲಿ ಬರಬೇಕಿದ್ದ ಮೌಲ್ಯ ಇದು, ಬಂದದ್ದು ಇದು, ವ್ಯತ್ಯಾಸ ಒಂದೇ ಒಂದು ಬಿಟ್, ಅಂದರೆ ಒಂದು 0 ಅಥವಾ 1. ಜಿಪ್ ಕಡತ ಒಮ್ಮೆ ಕೆಟ್ಟು ಇನ್ನೊಮ್ಮೆ ಸರಿಯಾದದ್ದಕ್ಕೆ ಕಾರಣ ಅಲ್ಲಿತ್ತು.

ಇಲ್ಲಿ ಅವಸರಪಟ್ಟು ರ‍್ಯಾಮ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು. 3200 ಅಥವಾ 3600 ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ಸಾಮಾನ್ಯವಾಗಿ ಬಯಾಸಿನಲ್ಲಿ (ಯಂತ್ರ ಶುರುವಾಗುವಾಗ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಚಾಲೂ ಮಾಡಿದಾಗ ಮಾತ್ರ ಸಿಗುತ್ತದೆ, ಆಗ ಡಿಡಿಆರ್4 ರ‍್ಯಾಮಿಗೆ ವಾಡಿಕೆಯ 1.2 ವೋಲ್ಟಿನ ಬದಲು ಹೆಚ್ಚಾಗಿ 1.35 ವೋಲ್ಟ್ ಹೋಗುತ್ತದೆ. ಅಂದರೆ ಓವರ್‌ಕ್ಲಾಕ್ (ವಾಡಿಕೆಯ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡಿಯೇ ಇಲ್ಲ ಎಂದುಕೊಂಡಿರುವವರೂ ಅದನ್ನು ಮಾಡಿರುತ್ತಾರೆ. ಎಕ್ಸ್‌ಎಂಪಿ ತೆಗೆದಾಗ ದೋಷ ಮಾಯವಾದರೆ ತಪ್ಪು ಆ ವೇಗದ್ದು. ನಾನು ತೆಗೆದ ಮೇಲೂ ದೋಷ ಉಳಿಯಿತು. ಒಂದೊಂದೇ ರ‍್ಯಾಮನ್ನು ಅದೇ ಸ್ಲಾಟಿಗೆ ಹಾಕಿ ಓಡಿಸಿದಾಗ ಕೆಟ್ಟದ್ದು ಯಾವುದೆಂದು ಖಚಿತವಾಯಿತು. ಪರದೆಯ ಫೋಟೊ ತೋರಿಸಿದ ಮೇಲೆ ಅಂಗಡಿಯವರು ಮರುಮಾತಿಲ್ಲದೆ ಬದಲಿಸಿಕೊಟ್ಟರು. ಅಂಗಡಿಯ ಬದಲಿ ಅವಧಿ ಮುಗಿದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಅಲೆಯಬೇಕಿತ್ತು. ಕೊಂಡ ಮೊದಲ ವಾರದಲ್ಲೇ ಈ ಪರೀಕ್ಷೆ ಮುಗಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪ್ರೈಮ್95ರ ಕಥೆ ಬೇರೆ. ಅತಿದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಆರಂಭವಾದ ಜಿಂಪ್ಸ್ ಯೋಜನೆಯ ತಂತ್ರಾಂಶವಿದು. ತೆರೆದಾಗ ಯೋಜನೆಗೆ ಸೇರುತ್ತೀರಾ ಎಂದು ಕೇಳುತ್ತದೆ, ‘ಜಸ್ಟ್ ಸ್ಟ್ರೆಸ್ ಟೆಸ್ಟಿಂಗ್’ ಗುಂಡಿ ಒತ್ತಿದರಾಯಿತು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನಿಂದ ಮಾಡಿಸುವುದರಿಂದ ಸಣ್ಣ ತಪ್ಪೂ ಸಿಕ್ಕಿಬೀಳುತ್ತದೆ. ಇಂಟೆಲ್ 2016ರ ಜನವರಿಯಲ್ಲಿ ತನ್ನ ಸ್ಕೈಲೇಕ್ ಪ್ರೊಸೆಸರುಗಳ ಒಂದು ದೋಷವನ್ನು ಒಪ್ಪಿಕೊಂಡು ಬಯಾಸ್ ಅಪ್‌ಡೇಟ್ ಮೂಲಕ ಸರಿಪಡಿಸುವಂತಾದದ್ದು ಪ್ರೈಮ್95 ಓಡಿಸುವಾಗ ಯಂತ್ರಗಳು ನಿಂತುಹೋಗುತ್ತಿದ್ದುದರಿಂದಲೇ.

ನನಗೆ ಪ್ರೈಮ್95 ತೋರಿಸಿದ್ದು ಲೆಕ್ಕದ ತಪ್ಪನ್ನಲ್ಲ, ನನ್ನ ಕೈತಪ್ಪನ್ನು. ಪ್ರೊಸೆಸರನ್ನು ಚೆನ್ನಾಗಿ ಬಿಸಿಮಾಡುವ ‘ಸ್ಮಾಲ್ ಎಫ್‌ಎಫ್‌ಟಿ’ ಎಂಬ ಪರೀಕ್ಷೆ ಆರಂಭಿಸಿದ ಒಂದೇ ನಿಮಿಷದಲ್ಲಿ ಉಷ್ಣತೆ ಈ ಪ್ರೊಸೆಸರಿನ ಮಿತಿಯಾದ 90 ಡಿಗ್ರಿ ಮುಟ್ಟಿ, ವೇಗ ಇಳಿಯತೊಡಗಿತು. ನಿಲ್ಲಿಸಿ ನೋಡಿದರೆ ಕೂಲರಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಲ್ಲಿ ಒಂದು ಎಳೆಗೆ ಕೂತೇ ಇರಲಿಲ್ಲ; ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಒಂದು ಮೂಲೆಯಲ್ಲಿ ದಪ್ಪಗೆ ಉಳಿದಿತ್ತು. ಒರೆಸಿ, ಹೊಸ ಪೇಸ್ಟ್ ಹಚ್ಚಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ 79ರಲ್ಲಿ ನಿಂತಿತು. ಕೊರತೆಯೆಂದರೆ ಪ್ರೈಮ್95 ಉಷ್ಣತೆಯನ್ನು ತಾನಾಗಿ ತೋರಿಸುವುದಿಲ್ಲ, ಜೊತೆಗೆ ಅದನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶವನ್ನು ತೆರೆದಿಟ್ಟುಕೊಳ್ಳಬೇಕು.

ಕೆಲವರು ಹೇಳುವಂತೆ 24 ಗಂಟೆ ಓಡಿಸುವುದು, ಸೆಟ್ಟಿಂಗ್ ಬದಲಿಸದ ಪ್ರೊಸೆಸರಿಗೆ, ನನ್ನ ಮಟ್ಟಿಗೆ ಅನಗತ್ಯ. ಅರ್ಧ ಗಂಟೆಯಲ್ಲಿ ಕೂಲರಿನ ಯೋಗ್ಯತೆ ತಿಳಿಯುತ್ತದೆ. ವೋಲ್ಟೇಜನ್ನು ಕೈಯಾರೆ ಬದಲಿಸಿದವರಿಗೆ ಮಾತ್ರ ಒಂದು ರಾತ್ರಿ ಬೇಕು. ಪರೀಕ್ಷೆ ಎಲ್ಲವನ್ನೂ ಹಿಡಿಯುವುದೂ ಇಲ್ಲ: ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳಲ್ಲಿ 2024ರಲ್ಲಿ ದೊಡ್ಡ ಸುದ್ದಿಯಾದ ದೋಷ ಬಳಸುತ್ತ ಬಳಸುತ್ತ ಬೆಳೆಯುವಂಥದ್ದು, ಹೊಸದರಲ್ಲಿ ಎಷ್ಟು ದಣಿಸಿದರೂ ಅದು ಕಾಣಿಸಿಕೊಳ್ಳಲೇಬೇಕೆಂದಿಲ್ಲ.

ಕೋಣೆಯ ಬಿಸಿಯನ್ನೂ ಮರೆಯಬಾರದು. ಡಿಸೆಂಬರಿನ ಬೆಂಗಳೂರಿನಲ್ಲಿ ಪಾಸಾದ ಯಂತ್ರ ಏಪ್ರಿಲ್ಲಿನ ಕಲಬುರಗಿಯಲ್ಲಿ ಪಾಸಾಗಲೇಬೇಕೆಂದಿಲ್ಲವಾದ್ದರಿಂದ, ಅಲ್ಲಿ ಇನ್ನೊಮ್ಮೆ ಅರ್ಧ ಗಂಟೆ ಓಡಿಸುವಂತೆ ಹುಡುಗನಿಗೆ ಹೇಳಿದ್ದೆ. ಅವನು ಕಳಿಸಿದ ಫೋಟೊದಲ್ಲಿ 88 ಇತ್ತು. ಕ್ಯಾಬಿನೆಟ್ಟಿನ ಹಿಂಬದಿಗೆ 120 ಮಿ.ಮೀ.ನ ಒಂದು ಫ್ಯಾನ್ ಹಾಕಿಸಿದ ಮೇಲೆ ಅದು 84ಕ್ಕೆ ಇಳಿದಿದೆ.